ಚಾಳೀಸಿನ ತನಿಖೆ

'ಇಲ್ಲ' ಎನ್ನುವುದು ಕೆಲವರಿಗೆ ಬಹಳ ಕಷ್ಟವಂತೆ. ನನಗೆ ಅದು ಹೊಟ್ಟೆಪಾಡಾಗಿತ್ತು. ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಮೂವತ್ತು ವರ್ಷ ಕೂತು, ಕೈಗವಸು ಕೇಳಿ ಬಂದವನಿಗೆ 'ಹಳೇದು ತೋರಿಸು' ಎಂದೂ, ಹಳೆಯದನ್ನು ತೋರಿಸಿದವನಿಗೆ 'ಇದು ಇನ್ನೂ ಒಂದು ತಿಂಗಳು ಬರುತ್ತೆ' ಎಂದೂ ಹೇಳಿ ನಿವೃತ್ತನಾದವನು ನಾನು. ಮನೆಯಲ್ಲೂ ಹೊಸ ಸೋಪು ಬೇಕಾದರೆ ಹಳೆಯದರ ಚೂರು ತೋರಿಸಬೇಕೆಂದು ನನ್ನಾಕೆ ಬಂದವರ ಮುಂದೆಲ್ಲ ದೂರುತ್ತಾಳೆ. ಅದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ.

ಇಂಥ ನನ್ನನ್ನು ಟಾಂಜಾನಿಯಾದ ವೈದ್ಯಕೀಯ ಶಿಬಿರಕ್ಕೆ ಕರೆದವರು ಒಂಟಿಕೊಪ್ಪಲಿನಲ್ಲಿ ನಮ್ಮ ಪಕ್ಕದ ಮನೆಯ ಫಿಲೋಮಿನಮ್ಮ, ನಿವೃತ್ತ ನರ್ಸು. ಅವರ ಚರ್ಚಿನವರು ಕೆಲವು ಡಾಕ್ಟರುಗಳನ್ನು ಕೂಡಿಸಿಕೊಂಡು ಎರಡು ವಾರಕ್ಕೆ ಹೊರಟಿದ್ದರು. "ನಾನು ಶಿವಭಕ್ತ. ಸಾಲದ್ದಕ್ಕೆ ಇಂಜೆಕ್ಷನ್ ಕಂಡ್ರೆ ತಲೆ ಸುತ್ತುತ್ತೆ" ಎಂದೆ. "ಇಂಜೆಕ್ಷನ್ ನಾನ್ ಕೊಡ್ತೀನಿ ಕಣ್ರೀ ಮಹದೇವಪ್ಪನವ್ರೇ. ನೀವು ಸಾಮಾನು ಕಾಯ್ಕೊಂಡು ಕೂತ್ರೆ ಸಾಕು. ಸುಮ್ನೆ ಬಂದ್ಬುಡಿ" ಎಂದರು. ಸಾಮಾನು ಕಾಯುವುದು ಎಂದೊಡನೆ ನನ್ನೊಳಗಿನ ಸ್ಟೋರ್ಕೀಪರ್ ಎದ್ದು ಕೂತ.

ಆಫ್ರಿಕಾ ಎಂದರೆ ಉರಿಬಿಸಿಲು ಎಂದು ನಂಬಿ ತೆಳ್ಳನೆಯ ಅಂಗಿಗಳನ್ನಷ್ಟೇ ಒಯ್ದಿದ್ದೆ. ಬೆಟ್ಟದ ಸೀಮೆಯ ಆ ಊರಿನಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ಹೀಗಾಗಿ ಅಂತಾರಾಷ್ಟ್ರೀಯ ಸೇವೆಯ ನನ್ನ ಮೊದಲ ದಿನ ಫಿಲೋಮಿನಮ್ಮನ ಗುಲಾಬಿ ಶಾಲು ಹೊದ್ದುಕೊಂಡೇ ಶುರುವಾಯಿತು. ಶಿಬಿರ ನಡೆದ ಶಾಲೆಯ ಜಗಲಿಯಲ್ಲಿ ನನಗೊಂದು ಮೇಜು, ಮೇಜಿನ ಮೇಲೆ ನಾವು ಮೈಸೂರಿನಿಂದ ಹೊತ್ತು ತಂದ ಚಾಳೀಸುಗಳ ಡಬ್ಬ. ವಯಸ್ಸಾದವರು ಬಂದು ಒಂದೊಂದನ್ನೇ ಹಾಕಿ ನೋಡಬೇಕು, ಹತ್ತಿರದ ಅಕ್ಷರ ಕಂಡರೆ ಒಯ್ಯಬೇಕು. ಒಬ್ಬರಿಗೆ ಒಂದೇ. ಈ ನಿಯಮ ಮಾಡಿದವನು ನಾನೇ.

ರೋಸಾ ಎಂಬ ಮುದುಕಿ ಮೊದಲ ದಿನ ಒಂದು ಚಾಳೀಸು ಒಯ್ದರು. ಎರಡನೆಯ ದಿನ ಬರಿಗಣ್ಣಲ್ಲಿ ಬಂದು ಮತ್ತೆ ಕೈಚಾಚಿದರು. ನಾನು ಹಳೆಯದನ್ನು ತೋರಿಸಿ ಎಂದು ಸನ್ನೆ ಮಾಡಿದೆ. ಆಕೆ ಬೆರಳೆತ್ತಿ ಮೇಲೆ ತೋರಿಸಿದರು. ದೇವರಾಣೆ ಇಡುತ್ತಿದ್ದಾರೆ ಎಂದುಕೊಂಡೆ. ಆಣೆಗೆಲ್ಲ ಕರಗಿದ್ದರೆ ನಾನು ಹೆಬ್ಬಾಳದಲ್ಲಿ ಮೂವತ್ತು ವರ್ಷ ಉಳಿಯುತ್ತಿದ್ದೆನೇ? 'ಇಲ್ಲ' ಎಂದು ತಲೆಯಾಡಿಸಿದೆ. ಮೂರನೆಯ ದಿನವೂ ಆಕೆ ಬಂದರು, ಮೇಲೆ ತೋರಿಸಿದರು. ಇದನ್ನು ಬುಡಸಮೇತ ತನಿಖೆ ಮಾಡಿಯೇ ತೀರಬೇಕೆಂದು ನಿರ್ಧರಿಸಿ, ಡಾಕ್ಟರ ಮೇಜಿನಲ್ಲಿ ಭಾಷಾಂತರ ಮಾಡುತ್ತಿದ್ದ ಆ ಊರಿನ ಶಾಲೆಯ ಮಾಸ್ತರು ಜೋಸೆಫರನ್ನು ಎಬ್ಬಿಸಿಕೊಂಡು ಬಂದೆ. ನನ್ನ ಆಣೆಯ ಅನುಮಾನ ಹೇಳಿದೆ. ಅವರು ಆಕೆಯನ್ನು ಕೇಳಿ, ಇಂಗ್ಲಿಷಿನಲ್ಲಿ, "ಆಣೆ ಅಲ್ಲ ಸರ್. ಚಾಳೀಸು ಮೇಲಿದೆ ಅಂತಿದ್ದಾರೆ. ಇವರ ಮನೆ ಆ ಗುಡ್ಡದ ಮೇಲೆ" ಎಂದು ತೋರಿಸಿದರು. "ಹಾಗಾದರೆ ಹೋಗಿ ನೋಡೋಣ" ಎಂದೆ. ಫಿಲೋಮಿನಮ್ಮ ಸಿರಿಂಜು ಹಿಡಿದೇ, "ಅಯ್ಯೋ, ಒಂದು ಚಾಳೀಸಿಗೆ ಅಷ್ಟು ದೂರ ಹತ್ತೀರಾ? ಕೊಟ್ಬುಡ್ರೀ!" ಎಂದರು. ಕೇಳುವ ಜಾತಿ ನಾನಲ್ಲ.

ಗುಡ್ಡದ ದಾರಿಯಲ್ಲಿ ನಾನು ಎಡವಿದಾಗಲೆಲ್ಲ ರೋಸಾ ತಿರುಗಿ "ಪೋಲೆ, ಪೋಲೆ" ಎನ್ನುತ್ತಿದ್ದರು. ಅರವತ್ತೆರಡನೆಯ ವಯಸ್ಸಿನಲ್ಲಿ, ಅದೂ ಹೆಂಗಸೊಬ್ಬರ ಬಾಯಲ್ಲಿ, ಪೋಲಿ ಎನಿಸಿಕೊಂಡದ್ದು ಇದೇ ಮೊದಲು. ಜೋಸೆಫ್ ನಕ್ಕು, ಅದು 'ಅಯ್ಯೋ ಪಾಪ' ಎಂಬಂಥ ಮಾತು ಎಂದರು. ನನಗೆ ಮೊದಲಿನ ಅರ್ಥವೇ ಹಿತವಾಗಿತ್ತು.

ಮನೆಯೊಳಗೆ ರೋಸಾ ಅವರ ಅಕ್ಕ ಕೂತಿದ್ದರು. ಮಂಡಿ ಊದಿ ಎದ್ದು ನಡೆಯಲಾರರು. ಮೂಗಿನ ಮೇಲೆ ನಾನು ಕೊಟ್ಟ ಚಾಳೀಸು, ಮಡಿಲಲ್ಲಿ ನಮ್ಮ ಮೊರದಂಥದೇ ಮೊರ, ಅದರ ತುಂಬ ಕಾಳು. ಶಾಲೆಯ ಮಧ್ಯಾಹ್ನದ ಊಟಕ್ಕೆ ಕಾಳು ಆರಿಸಿಕೊಡುವುದು ಅಕ್ಕತಂಗಿಯರ ಕೆಲಸ. ಈಚೆಗೆ ಕಲ್ಲು ಉಳಿಯುತ್ತಿದೆ ಎಂದು ಶಾಲೆಯವರು ಕೆಲಸವನ್ನು ಬೇರೆಯವರಿಗೆ ಕೊಡುವ ಮಾತಾಡಿದ್ದರಂತೆ. "ನನ್ನ ಒಂದು ಹಲ್ಲು ಹೋದದ್ದು ಆ ಕಲ್ಲಿಗೇ" ಎಂದು ಜೋಸೆಫ್ ಬಾಯಿ ತೆರೆದು ಖಾಲಿ ಜಾಗ ತೋರಿಸಿದರು. ತಂಗಿಯ ನಂಬರು ಅಕ್ಕನಿಗೆ ಹೊಂದದೆ, ಆಕೆ ಪಾಪ ಕಾಳನ್ನು ಒಮ್ಮೆ ಹತ್ತಿರಕ್ಕೆ, ಒಮ್ಮೆ ದೂರಕ್ಕೆ ಹಿಡಿದು ಒದ್ದಾಡುತ್ತಿದ್ದರು. ರೋಸಾ ತಾವು ಬರಿಗಣ್ಣಲ್ಲೇ ಇದ್ದು, ನನ್ನ 'ಇಲ್ಲ'ವನ್ನು ಕೇಳಲು ಎರಡು ದಿನ ಗುಡ್ಡ ಇಳಿದು ಹತ್ತಿದ್ದರು.

ನನಗೆ ಕೂರಲಾಗಲಿಲ್ಲ. ಗುಡ್ಡ ಇಳಿದೆ. ಡಬ್ಬವನ್ನೇ ಹೆಗಲಿಗೇರಿಸಿಕೊಂಡು ಮತ್ತೆ ಹತ್ತಿದೆ. ಮಂಡಿ ಬೇಡವೆಂದಿತು, ಕೇಳಲಿಲ್ಲ. ಒಂದಾದ ಮೇಲೊಂದು ಅಕ್ಕನ ಮೂಗಿಗೆ ಏರಿಸುತ್ತಾ ಹೋದೆ. ಎಷ್ಟನೆಯದೋ ಹಾಕಿದಾಗ ಆಕೆಯ ಕೈ ತಟ್ಟನೆ ಮೊರಕ್ಕೆ ಹೋಗಿ ಒಂದು ಕಲ್ಲು ಎತ್ತಿತು. ಮತ್ತೊಂದು. ಇನ್ನೊಂದು. ರೋಸಾ ತಮ್ಮ ಚಾಳೀಸನ್ನು ವಾಪಸು ಹಾಕಿಕೊಂಡು ಅಕ್ಕನ ಪಕ್ಕ ಕೂತರು. ನನ್ನ ಕಣ್ಣೇಕೋ ಮಂಜಾಯಿತು.

ಆಗ ಅಕ್ಕ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆಳೆದುಕೊಂಡು, ನೆತ್ತಿಯಿಂದ ಗದ್ದದವರೆಗೆ ನಿಧಾನವಾಗಿ ನೋಡಿ ಏನೋ ಅಂದರು. ಅಕ್ಕತಂಗಿಯರಿಬ್ಬರೂ ಮೊರದ ಕಾಳು ಹಾರುವಂತೆ ನಕ್ಕರು. ಜೋಸೆಫ್ ಮಾತ್ರ ಸೂರು ನೋಡತೊಡಗಿದರು.

"ಏನಂತೆ? ಹರಸಿದರಾ?"

"ಬಿಡಿ ಸರ್."

"ಪರವಾಗಿಲ್ಲ, ಹೇಳಿ."

"ಅವರು ಈ ಚಾಳೀಸು ಹಾಕಿಕೊಳ್ಳುವ ಮೊದಲು ನೀವು ನೋಡೋಕೆ ಇನ್ನೂ ಚೆನ್ನಾಗಿದ್ದಿರಂತೆ."

ನಂಬರು ಸರಿಯಾಗಿದೆ ಎಂಬುದು ನನಗೆ ಖಾತ್ರಿಯಾಯಿತು.