ಲಾಗ್ ಪ್ರಕಾರ ಕತ್ತರಿಸಿ

ಇಪ್ಪತ್ತಾರು ವರ್ಷ ರಾಯದುರ್ಗದಿಂದ ಪತ್ರಿಕೆಗೆ ಸುದ್ದಿ ಕಳಿಸಿದವನು ನಾನು. ಒಂದು ಹೆಸರು ತಪ್ಪಿ ಬರೆದಿಲ್ಲ, ಒಂದು ತಾರೀಖು ಆಚೀಚೆ ಮಾಡಿಲ್ಲ. ಬಸ್ಸು ಹಳ್ಳಕ್ಕೆ ಬಿದ್ದರೆ ಎಡಗಡೆ ಬಿತ್ತೋ ಬಲಗಡೆ ಬಿತ್ತೋ ಎಂಬುದನ್ನು ಬೇರೆ ಬೇರೆ ಇಬ್ಬರ ಬಾಯಿಂದ ಕೇಳಿಕೊಂಡೇ ಬರೆದೆ. ಇಂಥ ಮನುಷ್ಯನಿಗೆ ಒಂದು ಜೀನ್ಸ್ ಪ್ಯಾಂಟಿನ ವಿವರವನ್ನು ಕಂಪ್ಯೂಟರಿಗೆ ತುಂಬುವುದು, ಉಳಿಸುವುದು ಯಾವ ಮಹಾ ಕೆಲಸ? ಹೀಗೆ ಪ್ರಶ್ನೆ ಕೇಳಿದವನು ನಾನೇ. ‘ಏನೂ ಅಲ್ಲ’ ಎಂದು ಉತ್ತರ ಕೊಟ್ಟವನೂ ನಾನೇ.

ಆ ಪ್ಯಾಂಟು ನನ್ನ ಹೆಂಡತಿ ಗಿರಿಜೆಯ ತಮ್ಮ ಮಲ್ಲಿಕಾರ್ಜುನನ ಘಟಕದ್ದು. ಅಕ್ಕ ತಮ್ಮ ಇಬ್ಬರೂ ಮಡಕಶಿರಾ ಪಕ್ಕದ ಗುಡಿಬಂಡೆ ಕಡೆಯವರು. ಮಲ್ಲಿ ಹತ್ತು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದು, ಅಕ್ಕ ಇರುವ ಊರೆಂದು ರಾಯದುರ್ಗಕ್ಕೆ ಬಂದು, ಬೆಟ್ಟದ ಬುಡದಲ್ಲಿ ಹದಿನಾರು ಮೆಷಿನ್ ಹಾಕಿ ಜೀನ್ಸ್ ಹೊಲಿಸತೊಡಗಿದ. ಅಲ್ಲಿಯವರೆಗೆ ಕಂಡವರ ಮಾಲು ಹೊಲಿದುಕೊಡುತ್ತಿದ್ದವನಿಗೆ ಆ ವರ್ಷ ದೊಡ್ಡ ಕಂಪನಿಯೊಂದರಿಂದ ಮೊದಲ ನೇರ ಆರ್ಡರ್ ಬಂತು. ಅದನ್ನು ನಂಬಿ, ಬೆಂಗಳೂರಿನಲ್ಲಿ ಹೊಲಿಯುತ್ತಿದ್ದ ತನ್ನೂರಿನ ಮೂರು ಸಂಸಾರಗಳನ್ನು ಕರೆಸಿಕೊಂಡ. ಅವರು ಬಾಡಿಗೆ ಮನೆ ಖಾಲಿ ಮಾಡಿ, ಪಾತ್ರೆಪಗಡ ಕಟ್ಟಿಕೊಂಡು ಬಂದು, ಮಕ್ಕಳನ್ನು ನಮ್ಮ ಬೀದಿಯ ಶಾಲೆಗೆ ಸೇರಿಸಿದರು. ಆರ್ಡರ್ ಕೈತಪ್ಪಿದರೆ ಮತ್ತೆ ಅದೇ ಬೆಂಗಳೂರು ಬಸ್ಸು ಹತ್ತಬೇಕು.

ಕಂಪನಿಯದು ಒಂದೇ ಷರತ್ತು. ಪ್ಯಾಂಟು ಹೇಗೆ ತಯಾರಾಗುತ್ತದೆ ಎಂಬ ಯೋಜನೆಯನ್ನು ತಮ್ಮ ಸಾಫ್ಟ್‌ವೇರಿನಲ್ಲೇ ಮಾಡಿ ಕಳಿಸಬೇಕು.

“ನಿಮ್ ಭಾವ ಅವ್ರಲ್ಲ, ಮನೇಲಿ ಸುಮ್ನೆ ಕುಂತವ್ರೆ. ಒಂದಕ್ಷರ ತಪ್ಪಾಗಕ್ಕೆ ಬಿಡಲ್ಲ” ಎಂದು ಗಿರಿಜೆ ತಮ್ಮನಿಗೆ ಶಿಫಾರಸು ಮಾಡಿದಳು. ಮದುವೆಯಾದ ಮೇಲೆ ಅವಳು ನನ್ನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು. ಕೊನೆಯದೂ ಹೌದು!

ಕಲಿಸಲು ಕಂಪನಿಯಿಂದ ಒಬ್ಬ ತರಬೇತುದಾರ ಬಂದ. ಎರಡು ಗಂಟೆಯ ತರಬೇತಿ. ಅದರಲ್ಲಿ ಒಂದು ಗಂಟೆ ತನ್ನ ಫೋನ್ ನೋಡಿದ. ಉಳಿದ ಗಂಟೆಯಲ್ಲಿ ‘ಸಿಂಪಲ್ ಸಾರ್’ ಎಂದು ಹದಿನೇಳು ಸಲ ಅಂದ. ಎಣಿಸುವುದು ನನ್ನ ಕಸುಬಿನ ಅಭ್ಯಾಸ. ಒಂದು ಸಂಗತಿಯನ್ನು ಹದಿನೇಳು ಸಲ ಸಿಂಪಲ್ ಎನ್ನಬೇಕಾಗಿ ಬಂದರೆ ಅದು ಸಿಂಪಲ್ ಅಲ್ಲ ಎಂಬುದು ಆಗಲೇ ಹೊಳೆಯಬೇಕಿತ್ತು.

“ಮೊದ್ಲು ಪ್ರಾಡಕ್ಟ್ ಕಾಂಟೆಕ್ಸ್ಟ್ ಲೋಡ್ ಮಾಡ್ಕೊಳ್ಳಿ ಸಾರ್. ಯಾವ ಬಟ್ಟೆ, ಯಾವ ಅಳತೆ, ಯಾವ ಹೊಲಿಗೆ ಮೊದಲು, ಯಾವುದು ಆಮೇಲೆ, ಎಲ್ಲಾ ಅದ್ರಲ್ಲೇ ಇರತ್ತೆ. ಪ್ಲಾನ್ ಮಾಡಿ, ಸೇವ್ ಮಾಡಿ, ಲಾಗ್ ಪ್ರಿಂಟ್ ತೆಗೀರಿ. ಅಷ್ಟೆ.”

ಕಂಪ್ಯೂಟರು ತಾನು ಉಳಿಸಿದ್ದನ್ನೆಲ್ಲ ತಾನೇ ಸಾಲುಸಾಲಾಗಿ ಬರೆದಿಡುವ ಪಟ್ಟಿಗೆ ಲಾಗ್ ಎಂದು ಹೆಸರು. ಕಾಂಟೆಕ್ಸ್ಟ್ ಎಂದರೆ ಸಂದರ್ಭ. ಈ ಸಂದರ್ಭ ಎಂಬುದು ನನಗೆ ಹಳೆಯ ಪರಿಚಯ. ಸಂಜೆ ವೇದಿಕೆಯಲ್ಲಿ ಬಾಯಿಗೆ ಬಂದದ್ದು ಮಾತಾಡಿ, ಮರುದಿನ ಪತ್ರಿಕೆ ಕಂಡೊಡನೆ ‘ನನ್ನ ಮಾತನ್ನು ಸಂದರ್ಭದಿಂದ ಕಿತ್ತು ಬರೆದಿದ್ದಾರೆ’ ಎನ್ನುವ ಪುಢಾರಿಗಳನ್ನು ಜೀವಮಾನವಿಡೀ ಕಂಡಿದ್ದೇನೆ. ಪ್ಯಾಂಟಿಗೂ ಒಂದು ಸಂದರ್ಭ ಇರುತ್ತದೆಂದು ಅಂದು ತಿಳಿಯಿತು.

ಮರುದಿನ ಬೆಳಿಗ್ಗೆ ದೊಡ್ಡವರ ಪ್ಯಾಂಟಿನ ಸಂದರ್ಭವನ್ನು ಲೋಡ್ ಮಾಡಿದೆ. ಅಳತೆ ನೋಡಿದೆ, ಹೊಲಿಗೆಯ ಕ್ರಮ ನೋಡಿದೆ, ಉಳಿಸಿದೆ. ತಪ್ಪಿಲ್ಲ. ಇಲ್ಲಿಗೆ ಎದ್ದು ಮನೆಗೆ ಹೋಗಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ.

ಆದರೆ ಕಂಪನಿಯವರು ‘ಮುಂದೆ ಬೇಕಾಗಬಹುದು, ನೋಡಿರಿ’ ಎಂದು ಹುಡುಗರ ಚಡ್ಡಿಯ ಸಂದರ್ಭವನ್ನೂ ಕಳಿಸಿದ್ದರು. ಊಟವಾದ ಮೇಲೆ ಅದನ್ನು ತೆರೆದು ನೋಡಿದೆ. ನೋಡುವಾಗ ಜೇಬಿನ ಸ್ಪೆಲಿಂಗಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿರುವುದು ಕಣ್ಣಿಗೆ ಬಿತ್ತು. ಹಾಗಾದರೆ ಪ್ಯಾಂಟಿನ ಪಟ್ಟಿಯಲ್ಲೂ ಇದೇ ತಪ್ಪು ಇರಬೇಕು! ನನ್ನ ಹೆಸರಿನಲ್ಲಿ ಹೋಗುವ ದಾಖಲೆಯಲ್ಲಿ ಕಾಗುಣಿತ ದೋಷವೇ? ಅಸಾಧ್ಯ. ಕೂಡಲೇ ಪ್ಯಾಂಟಿಗೆ ಮರಳಿದೆ.

ಮರಳಿದ್ದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಸುದ್ದಿ. ಪ್ಯಾಂಟನ್ನು ಮತ್ತೆ ಲೋಡ್ ಮಾಡಬೇಕಿತ್ತು. ನಾನು ಮೇಲಿದ್ದ ಚಡ್ಡಿಯ ಹೆಸರನ್ನು ಅಳಿಸಿ, ಆ ಜಾಗದಲ್ಲಿ ಪ್ಯಾಂಟಿನ ಹೆಸರನ್ನು ಟೈಪ್ ಮಾಡಿದೆ. ಅಂದರೆ ಶೀರ್ಷಿಕೆ ಬದಲಿಸಿದೆ. ಕೆಳಗಿನ ಸುದ್ದಿ ಚಡ್ಡಿಯದ್ದೇ ಉಳಿಯಿತು. ಶೀರ್ಷಿಕೆಗೂ ಸುದ್ದಿಗೂ ಸಂಬಂಧವಿಲ್ಲದಿರುವುದು ನಮ್ಮ ವೃತ್ತಿಯಲ್ಲಿ ಹೊಸದಲ್ಲ. ಅದಕ್ಕೇ ಇರಬೇಕು, ಅನುಮಾನವೇ ಬರಲಿಲ್ಲ. ಜೇಬಿಗೆ ಅಕ್ಷರ ಸೇರಿಸಿ ಸೇವ್ ಒತ್ತಿದೆ.

‘ಈ ಹೆಸರಿನ ದಾಖಲೆ ಈಗಾಗಲೇ ಇದೆ. ಅದರ ಮೇಲೆ ಬರೆಯಲೇ?’ ಎಂದು ಕಂಪ್ಯೂಟರು ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿತು.

ಬರಿ, ಎಂದೆ.

ಪ್ರಿಂಟ್ ತೆಗೆದು, ಅದಕ್ಕೊಂದು ಚೀಟಿ ಲಗತ್ತಿಸಿದೆ. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದೆ: ‘ಲಾಗ್ ಪ್ರಕಾರ ಕತ್ತರಿಸಿ.’ ಬೆಳುಗುಪ್ಪದಿಂದ ಬರುವ ಕಟಿಂಗ್ ಮಾಸ್ಟರ್ ಓಬುಳೇಸು ಅದರಂತೆ ಬಟ್ಟೆ ಕತ್ತರಿಸಬೇಕು. ಚೀಟಿಯನ್ನು ಅವನ ಮೇಜಿನ ಮೇಲಿಟ್ಟು, ಕರ್ತವ್ಯ ಮುಗಿಸಿದ ಅಧಿಕಾರಿಯಂತೆ ಮನೆಗೆ ಬಂದೆ. ಮಲ್ಲಿ ಜಿಪ್ಪು, ಗುಂಡಿ ತರಲು ಬಳ್ಳಾರಿಗೆ ಹೋಗಿದ್ದ.

ಅರ್ಧ ಗಂಟೆಗೆ ಓಬುಳೇಸು ಫೋನ್ ಮಾಡಿದ.

“ಸಾರೂ, ಚೀಟಿ ನೋಡೀನ್ರಿ. ಲಾಗೇನಾ?”

“ಹೌದಪ್ಪ, ಲಾಗೇ.”

“ಮಲ್ಲಣ್ಣ ಬ್ಯಾರೆ ಹೇಳಿದ್ರಲ್ರಿ?”

“ಅವ ಏನರ ಹೇಳ್ಲಿ. ಬಾಯಿಮಾತಿನ ಕಾಲ ಮುಗೀತು ಓಬುಳೇಸು. ಲಾಗ್ ಅಂದ್ರ ಲಾಗ್!”

“ಎಲ್ಲಾನೂ?”

“ಒಂದೂ ಬಿಡಬ್ಯಾಡ!”

“ಸರೇ ಸಾರೂ. ನಂದೇನೈತ್ರಿ ಇದ್ರಾಗ.”

ಫೋನ್ ಇಟ್ಟು ಗಿರಿಜೆಗೆ ವಿವರಿಸಿದೆ. “ಪಾಪ, ಹೊಸ ಪದ್ಧತಿ ತಲೆಗೆ ಹತ್ತೋದು ಕೆಲವರಿಗೆ ತಡ ಆಗ್ತದ.”

“ಯಾರಿಗೆ?” ಎಂದು ಅವಳು ಒಗ್ಗರಣೆ ಕಡೆಗೆ ತಿರುಗಿದಳು.

ಸಂಜೆ ಐದಕ್ಕೆ ಮಲ್ಲಿಯ ಫೋನ್ ಬಂತು. “ಭಾವ, ಒಸಿ ಬಂದು ಹೋಗಿ.” ದನಿ ತಣ್ಣಗಿತ್ತು. ಮಲ್ಲಿ ಕೂಗಿದರೆ ಭಯವಿಲ್ಲ. ತಣ್ಣಗಾದರೆ ಭಯ.

ಮೇಜಿನ ಮೇಲೆ ಅರ್ಧದಷ್ಟು ಬಟ್ಟೆ ಕತ್ತರಿಸಿ ಅಟ್ಟಿಯಾಗಿತ್ತು. ಎಲ್ಲವೂ ಮೊಳಕಾಲಿಗೆ ಮುಗಿದಿದ್ದವು. ಸೊಂಟ ಎಂಟು ವರ್ಷದ ಹುಡುಗನದ್ದು.

“ಇದೇನೋ ಓಬುಳೇಸು, ಚಡ್ಡಿ ಮಾಡೀಯಲ್ಲೋ!” ಎಂದು ನಾನೇ ಮೊದಲು ಗದರಿದೆ.

“ಲಾಗು ಅಂದವ್ರು ಯಾರ್ರಿ?” ಎಂದ ಅವನು.

ತೆಲುಗಿನಲ್ಲಿ ಲಾಗು ಎಂದರೆ ಹುಡುಗರ ಚಡ್ಡಿ. ಇದು ಗೊತ್ತಿಲ್ಲದ ಮನುಷ್ಯ ಕನ್ನಡ ತೆಲುಗು ಎರಡೂ ಆಡುವ ರಾಯದುರ್ಗದಲ್ಲಿಲ್ಲ. ನನಗೂ ಗೊತ್ತು. ಐದನೇ ಕ್ಲಾಸಿನವರೆಗೆ ಅದನ್ನೇ ಹಾಕಿಕೊಂಡು ಓಡಾಡಿದವನು ನಾನು!

“ಚೀಟಿ ಲಾಗು ಅಂತು. ಹೌದೋ ಅಲ್ಲೋ ಅಂತ ಪ್ರಿಂಟ್ ನೋಡಿದ್ನಿ, ಅದ್ರಾಗೂ ಲಾಗಿನ ಅಳತೀನೇ ಇತ್ತು. ಆದ್ರೂ ಮನಸ್ಸು ಒಪ್ಪಲಿಲ್ರಿ, ಫೋನ್ ಮಾಡಿದ್ನಿ. ಒಂದೂ ಬಿಡಬ್ಯಾಡ ಅಂದ್ರಿ. ಇನ್ನೆಷ್ಟು ಕಡೆ ಕೇಳ್ಲಿ ಸಾರೂ?”

ನಾನು ಎರಡು ಮೂಲಗಳಿಂದ ಖಚಿತಪಡಿಸಿಕೊಳ್ಳುತ್ತಿದ್ದೆ. ಅವನು ಮೂರು ಮೂಲಗಳಿಂದ ಖಚಿತಪಡಿಸಿಕೊಂಡಿದ್ದ. ಅವನ ವರದಿಗಾರಿಕೆಯಲ್ಲಿ ಲೋಪವಿರಲಿಲ್ಲ. ಮೂರೂ ಮೂಲಗಳು ನಾನೇ ಆಗಿದ್ದೆ, ಅಷ್ಟೆ.

“ಇದರಾಗ ಸಂದರ್ಭ ತಪ್ಪೈತಿ ಮಲ್ಲಿ...” ಎಂದು ಶುರುಮಾಡಿದವನು ಅಲ್ಲಿಗೇ ಬಾಯಿ ಮುಚ್ಚಿದೆ. ನನ್ನ ಬಾಯಲ್ಲಿ ಪುಢಾರಿಯ ಮಾತು ಬಂದಿತ್ತು.

ಕಂಪ್ಯೂಟರಿನಲ್ಲಿ ಪ್ಯಾಂಟನ್ನಾದರೂ ಉಳಿಸಿಕೊಳ್ಳೋಣವೆಂದು ಲೋಡ್ ಒತ್ತಿದೆ. ಪ್ಯಾಂಟಿನ ಹೆಸರಿನಲ್ಲಿ ಚಡ್ಡಿ ಬಂತು. ಮತ್ತೆ ಒತ್ತಿದೆ. ಮತ್ತೆ ಚಡ್ಡಿ. ಜೇಬಿನ ಸ್ಪೆಲಿಂಗ್ ಮಾತ್ರ ಅಪ್ಪಟ ಸರಿಯಿತ್ತು! ತರಬೇತುದಾರನಿಗೆ ಫೋನ್ ಮಾಡಿದೆ.

“ಓವರ್‌ರೈಟ್ ಆದ್ರೆ ಹಳೇದು ಹೋಯ್ತು ಸಾರ್. ಸಿಂಪಲ್.”

ಹದಿನೆಂಟು.

ಅಷ್ಟು ಸಾಲದೆಂಬಂತೆ, ಸೇವ್ ಮಾಡಿದ್ದು ತಾನಾಗಿಯೇ ಕಂಪನಿಗೂ ಹೋಗುತ್ತದಂತೆ. ಇದನ್ನು ಆ ಮಹಾಶಯ ಹದಿನೇಳರಲ್ಲಿ ಒಂದು ಸಲವೂ ಹೇಳಿರಲಿಲ್ಲ. ಮಲ್ಲಿಯ ಫೋನಿಗೆ ಅಲ್ಲಿಂದ ಕರೆ ಬಂತು. ಗಂಡಸರ ಪ್ಯಾಂಟು ಕೇಳಿದರೆ ಮಕ್ಕಳ ಚಡ್ಡಿಯ ಪ್ಲಾನ್ ಕಳಿಸುವವರಿಗೆ ಆರ್ಡರ್ ಕೊಡಬೇಕೇ ಎಂದು ಅವರು ಕೇಳುತ್ತಿದ್ದರು. ಮಲ್ಲಿ “ಸಾರ್... ಸಾರ್...” ಎನ್ನುತ್ತ ನಿಂತಿದ್ದ.

ಬಾಗಿಲಲ್ಲಿ ಆ ಮೂರು ಸಂಸಾರದವರು ಬಂದು ನಿಂತಿದ್ದರು. ಅವರಲ್ಲಿ ರತ್ನಮ್ಮ ಎಂಬಾಕೆ ಮೆಲ್ಲಗೆ ಕೇಳಿದಳು: “ಮಲ್ಲಣ್ಣ, ಮಕ್ಳ ಟೀಸಿ ವಾಪಸ್ ಈಸ್ಕೋಬೇಕಾ?”

ಈ ಪ್ರಶ್ನೆಗೆ ಉತ್ತರ ಕೊಟ್ಟವನು ನಾನಲ್ಲ. ಯಾವತ್ತೂ ಇಲ್ಲದ ಸಂಗತಿ.

ಉತ್ತರ ಕೊಟ್ಟವನು ಓಬುಳೇಸು. “ಮಲ್ಲಣ್ಣ, ಸ್ಯಾಂಪಲ್ ಪ್ಯಾಂಟು ಐತಲ್ಲ, ತಗಂಬರ್ರಿ. ಅದೇ ಬಣ್ಣದ ಬಟ್ಟೆ ಥಾನು ತರಿಸ್ರಿ. ಸೀಮೆಸುಣ್ಣ ಒಂದು ಕೊಡ್ರಿ. ಈ ಸಾರನ್ನ ಮಾತ್ರ ಮನೀಗೆ ಕಳಿಸ್ರಿ.”

ಮಲ್ಲಿ ಫೋನಿನಲ್ಲಿ ನಾಲ್ಕು ದಿನ ಬೇಡಿ ಪಡೆದ. ಬಳ್ಳಾರಿಯಿಂದ ಥಾನು ಬಂತು. ಓಬುಳೇಸು ಸ್ಯಾಂಪಲ್ಲನ್ನು ಬಿಚ್ಚಿ, ಹರವಿ, ಬಟ್ಟೆಯ ಮೇಲೆ ಗೆರೆ ಎಳೆದ. ಯಾವ ಸಂದರ್ಭವನ್ನೂ ಲೋಡ್ ಮಾಡಲಿಲ್ಲ. ಮೂರೂ ಸಂಸಾರಗಳು ಮೆಷಿನ್ನಿನಿಂದ ತಲೆ ಎತ್ತದೆ ಹೊಲಿದವು. ನಾಲ್ಕನೆಯ ದಿನ ಮಾಲು ಹೊರಟಿತು. ಕಂಪನಿ ಒಪ್ಪಿಕೊಂಡಿತು, ಮುಂದಿನ ಆರ್ಡರನ್ನೂ ಕೊಟ್ಟಿತು. ಟೀಸಿಗಳು ಶಾಲೆಯಲ್ಲೇ ಉಳಿದವು.

ಕತ್ತರಿಸಿಟ್ಟ ಚಡ್ಡಿಗಳನ್ನು ಬಿಸಾಡಲು ಮನಸ್ಸಾಗದೆ ರತ್ನಮ್ಮ ಮತ್ತವರ ಕಡೆಯವರು ಬಿಡುವಿನಲ್ಲಿ ಹೊಲಿದು ಮಕ್ಕಳಿಗೆ ಹಂಚಿದರು. ಪತ್ರಿಕೆಯಲ್ಲಿ ತಪ್ಪಾದರೆ ಒಳಪುಟದ ಮೂಲೆಯಲ್ಲಿ ಯಾರಿಗೂ ಕಾಣದಂತೆ ಎರಡು ಸಾಲಿನ ತಿದ್ದುಪಡಿ ಹಾಕುತ್ತಾರೆ. ನನ್ನ ತಪ್ಪು ನೀಲಿ ಬಣ್ಣದಲ್ಲಿ ಬೀದಿ ತುಂಬ ಗೋಲಿ ಆಡುತ್ತಿದೆ.

“ನೋಡ್ರೀ, ಆ ಹುಡುಗುಂಗೆ ಎಷ್ಟು ಚೆನ್ನಾಗಿ ಹಿಡಿಸೈತೆ!” ಎನ್ನುತ್ತಾಳೆ ಗಿರಿಜೆ, ದಿನಕ್ಕೆ ಎರಡು ಸಲ.

ಕಂಪನಿಗೆ ಪ್ಲಾನ್ ಮಾತ್ರ ಈಗಲೂ ಬೇಕು. ಅದನ್ನು ನಾನೇ ಮಾಡುತ್ತೇನೆ. ಓಬುಳೇಸು ಮೊದಲು ಕತ್ತರಿಸುತ್ತಾನೆ, ಹೆಂಗಸರು ಹೊಲಿಯುತ್ತಾರೆ, ಮಾಲು ಮೂಟೆಯಾಗುತ್ತದೆ. ಆಮೇಲೆ ನನ್ನನ್ನು ಕರೆಸುತ್ತಾರೆ. ಏನೇನು ನಡೆಯಿತೆಂದು ಅವರನ್ನೇ ಕೇಳಿ, ಹೀಗೆ ನಡೆಯತಕ್ಕದ್ದು ಎಂದು ಟೈಪ್ ಮಾಡುತ್ತೇನೆ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ‘ನಿಮ್ಮ ಯೋಜನೆಗೂ ಮಾಲಿಗೂ ಒಂದು ನೂಲಿನ ವ್ಯತ್ಯಾಸವಿಲ್ಲ’ ಎಂದು ಕಂಪನಿಯವರು ಹೊಗಳಿ ಪತ್ರ ಬರೆದಿದ್ದಾರೆ.

ಸೇವ್ ಒತ್ತುವ ಅಧಿಕಾರ ಮಾತ್ರ ನನಗಿಲ್ಲ. ಅದನ್ನು ಓಬುಳೇಸು ಬಂದು ಒತ್ತಬೇಕೆಂದು ಮಲ್ಲಿಯ ಆಜ್ಞೆ. ಓಬುಳೇಸುವಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಅದಕ್ಕೇ ಒತ್ತುವ ಮುಂಚೆ ಪ್ರತಿಸಲ ಯಾರನ್ನಾದರೂ ಕೇಳುತ್ತಾನೆ. ನನ್ನನ್ನು ಬಿಟ್ಟು.