ಮಾತಿಲ್ಲದೆ ಹೆಜ್ಜೆ ಕೀಳದ ಕುದುರೆ

ಈ ಕುದುರೆಯ ಸಂಗತಿಗಳನ್ನೆಲ್ಲ ನನಗೆ ಮೊದಲು ಹೇಳಿದವರು ಮುಳಬಾಗಿಲಿನ ನಮ್ಮ ಮಾವನವರು, ಅಂದರೆ ನನ್ನ ಹೆಂಡತಿಯ ತಂದೆ. ಕಡೆಯದನ್ನು ಮಾತ್ರ ನಾನೇ ಹಸೆಮಣೆಯ ಮೇಲೆ ಕೂತು ಅನುಭವಿಸಿದೆ. ಕುದುರೆ ಸಾಕಿದವರು ದಾರಿಯಲ್ಲಿ ಒಬ್ಬರಿಗೊಬ್ಬರು ಸಿಕ್ಕರೆ ಇಂಥದ್ದೊಂದು ಆಗಿಯೇ ಆಗುತ್ತದೆ. ಭಗವಂತ ಅವರನ್ನು ಹಾಗೇ ಮಾಡಿಟ್ಟಿದ್ದಾನೆ.

೧. ಎಂಟು ವರ್ಷದ ಸ್ನೇಹ

ಮಾವನವರ ಹತ್ತಿರ ಒಂದು ಕಂದು ಹೆಣ್ಣು ಕುದುರೆ ಇತ್ತು. ಅದನ್ನು ಹತ್ತಿ ಕೋಲಾರ, ಶ್ರೀನಿವಾಸಪುರ ಎಲ್ಲ ಸುತ್ತುವರು. ಎದುರಿಗೆ ಇನ್ನೊಂದು ಕುದುರೆ ಬಂತೋ, ಮುಗಿಯಿತು. ಇಬ್ಬರೂ ಇಳಿದು ಹುಣಸೆಮರದ ಕೆಳಗೆ ನಿಲ್ಲುವರು. ಹುರುಳಿ ಬೇಯಿಸಿದ್ದೋ ನೆನೆಸಿದ್ದೋ, ಲಾಳ ಯಾರು ಕಟ್ಟಿದ್ದು, ಹೊಟ್ಟೆನೋವಿಗೆ ಏನು ಕೊಟ್ಟಿರಿ? ಒಡಹುಟ್ಟಿದವರೂ ಅಷ್ಟು ಮಾತಾಡರು.

ರಾಯಲ್ಪಾಡಿನ ಕಪ್ಪು ಕುದುರೆಯವರೊಬ್ಬರು ಹೀಗೆ ಎಂಟು ವರ್ಷದ ಸ್ನೇಹಿತರು. ಒಂದು ಸಲ ಮನೆಗೆ ಊಟಕ್ಕೆ ಬಂದರು. ಅತ್ತೆಯವರು ಗಂಡನನ್ನು ಒಳಗೆ ಕರೆದು ಕೇಳಿದರು: "ಅವರ ಹೆಸರೇನ್ರೀ?"

"ರಾಜ ಅಂತ."

"ಜನ ಹೇಗೆ?"

"ಮಹಾ ಸಾಧು ಕಣೇ. ಹಿಂದಿನಿಂದ ಹೋದ್ರೆ ಮಾತ್ರ ಒದೀತಾನೆ."

ಮಾವನವರಿಗೆ ಗೊತ್ತಿದ್ದದ್ದು ಕುದುರೆಯ ಹೆಸರೊಂದೇ. ಅತ್ತೆಯವರು ಆವತ್ತು ಅತಿಥಿಗೆ ಮುಂದಿನಿಂದಲೇ ಬಡಿಸಿದರು.

೨. ಕುದುರೆಗೂ ಹತ್ತಿದ ಚಟ

ನೋಡಿ ನೋಡಿ ಆ ಕಂದು ಕುದುರೆಯೂ ಕಲಿಯಿತು. ಎದುರಿಗೆ ಕುದುರೆ ಕಂಡರೆ ತಾನೇ ನಿಲ್ಲುವುದು. ಮಾತಿಲ್ಲದೆ ಹೆಜ್ಜೆ ಕೀಳದು. ಒಂದು ಸಲ ಮಾವನವರಿಗೆ ಗಂಟಲುನೋವು. ಎದುರಾದ ಮಾಲೂರಿನ ಬಿಳಿ ಕುದುರೆಯವರಿಗೆ ಬರೀ ಕೈಮುಗಿದು ಮುಂದೆ ಹೋಗಲು ನೋಡಿದರು. ಕುದುರೆ ಗಕ್ಕನೆ ಹಿಂದಕ್ಕೆ ತಿರುಗಿ, ಬಿಳಿ ಕುದುರೆಯನ್ನು ಅಟ್ಟಿಸಿಕೊಂಡು ಹೋಗಿ ಅಡ್ಡ ನಿಂತಿತು.

ಮಾಲೂರಿನವರು ನಕ್ಕು, "ಏನ್ ಸ್ವಾಮಿ, ನಿಮಗಿಲ್ಲದ ಮರ್ಯಾದೆ ನಿಮ್ಮ ಕುದುರೆಗಿದೆಯಲ್ಲ!" ಅಂದರು.

೩. ಮೌನದ ಪುರೋಹಿತರು

ನನ್ನ ಮದುವೆ ಆದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದವು, ಅಂದರೆ ಹೆಚ್ಚಾಗಿ ನಿಂತಿರುತ್ತಿದ್ದವು. ಅದಕ್ಕೇ ಮಾವನವರು ಆವನಿಯ ಪುರೋಹಿತರಿಗೆ ಹಿಂದಿನ ದಿನವೇ ಆ ಕುದುರೆ ಕಳಿಸಿದ್ದರು. ಆಷಾಢ ಹುಟ್ಟುವ ಮೊದಲು ಅದೇ ಕಡೆಯ ಮುಹೂರ್ತ. ಮುಹೂರ್ತ ತಪ್ಪಿದರೆ ಶ್ರಾವಣದವರೆಗೆ ಕಾಯಬೇಕು. ನನಗೋ ಮಧ್ಯಾಹ್ನದವರೆಗೆ ಕಾಯುವುದೇ ಕಷ್ಟವಾಗಿತ್ತು.

ಪುರೋಹಿತರಿಗೆ ಒಂದು ವ್ರತ. ಮದುವೆ ಮಾಡಿಸುವ ದಿನ ಸ್ನಾನವಾದ ಮೇಲೆ, ಚಪ್ಪರದಲ್ಲಿ ಮೊದಲ ಮಂತ್ರ ಹೇಳುವವರೆಗೆ ಮೌನ. ಅರ್ಧ ದಾರಿಯಲ್ಲಿ ರಾಯಲ್ಪಾಡಿನವರೂ ಮಾಲೂರಿನವರೂ ಜೊತೆಯಾಗಿ ಎದುರು ಬಂದರು. ಹೆಸರು ಗೊತ್ತಿಲ್ಲದ್ದರಿಂದ ಇಬ್ಬರಿಗೂ ಲಗ್ನಪತ್ರಿಕೆ ಹೋಗಿರಲಿಲ್ಲ.

ಕುದುರೆ ನಿಂತಿತು. ಪುರೋಹಿತರು ಲಗಾಮು ಎಳೆದರು, ಹಿಮ್ಮಡಿಯಿಂದ ತಿವಿದರು, ಕೊನೆಗೆ ಕುದುರೆಗೇ ಕೈಮುಗಿದರು.

"ಏಮಿ ಸ್ವಾಮಿ, ಗುರ್ರಂ ಬಾಗುಂದಾ?" ಅಂತ ರಾಯಲ್ಪಾಡಿನವರು ಕುದುರೆಯ ಕ್ಷೇಮ ಕೇಳಿದರು. ಪುರೋಹಿತರು ಬಾಯಿಗೆ ಬೆರಳಿಟ್ಟು, ಪಂಚಾಂಗದೊಳಗಿಂದ ಲಗ್ನಪತ್ರಿಕೆ ತೆಗೆದು ತೋರಿಸಿದರು.

ಮಾಲೂರಿನವರು ಓದಿ ಬೆಚ್ಚಿದರು. "ಲೇ, ಇವರು ಮೌನದಲ್ಲಿದ್ದಾರೆ ಕಣೋ! ಮುಹೂರ್ತಕ್ಕೆ ಎರಡೇ ಗಂಟೆ. ಸ್ವಾಮಿ, ವ್ರತ ನೀವಿಟ್ಕೊಳ್ಳಿ, ಮಾತು ನಾವಾಡ್ತೀವಿ."

ತಮ್ಮ ಕೆಲಸ ಬಿಟ್ಟು ಇಬ್ಬರೂ ಕುದುರೆ ತಿರುಗಿಸಿದರು. ಪುರೋಹಿತರನ್ನು ನಡುವೆ ಹಾಕಿಕೊಂಡು ಮುಳಬಾಗಿಲಿನವರೆಗೂ ಕುದುರೆಗಳ ವಿಷಯವೇ ಮಾತಾಡಿದರು. ಪಕ್ಕದಲ್ಲೇ ಎರಡು ಕುದುರೆ ಇದ್ದದ್ದರಿಂದ ಮಾತು ನಿಂತರೆ ಕಂದು ಕುದುರೆಯೂ ನಿಲ್ಲುತ್ತಿತ್ತು. ಉಸಿರೆಳೆದುಕೊಳ್ಳಲೂ ಸರದಿ ಹಾಕಿಕೊಂಡರಂತೆ.

೪. ಮೊದಲ ಮಂತ್ರ

ಇತ್ತ ಚಪ್ಪರದಲ್ಲಿ ನಮ್ಮಮ್ಮ ನಮ್ಮ ದೇವರಿಗೆಲ್ಲ ಹರಕೆ ಹೊತ್ತು ಮುಗಿಸಿ, ಪಕ್ಕದ ಮನೆಯವರ ದೇವರಿಗೆ ಶುರು ಮಾಡಿದ್ದರು. ಇನ್ನು ಅರ್ಧ ಗಂಟೆ ಅನ್ನುವಾಗ ಮೂರು ಕುದುರೆಗಳೂ ಬಂದವು. ಪುರೋಹಿತರು ಕಾಲು ತೊಳೆದು ಬಂದು ನನ್ನೆದುರು ಕೂತರು. ಓಲಗ ನಿಂತಿತು. ಎಲ್ಲರೂ ಕೈಮುಗಿದರು.

ಪಾಪ, ಪುರೋಹಿತರ ತಲೆಯೊಳಗೆ ಅಷ್ಟು ಹೊತ್ತು ಬರೀ ಕುದುರೆ ಓಡಿತ್ತು. ನನ್ನ ಗಲ್ಲ ಹಿಡಿದು, ಮಂತ್ರದ ಗಂಭೀರ ಧ್ವನಿಯಲ್ಲೇ ಅಂದರು: "ಬಾಯಿ ತೆಗಿ, ಹಲ್ಲು ನೋಡೋಣ. ಎಷ್ಟು ವರ್ಷದ್ದು?"

ಪುರೋಹಿತರು ಹೇಳಿದಂತೆ ಮಾಡು ಅಂತ ಬೆಳಗಿನಿಂದ ಹಿರಿಯರು ಹೇಳಿದ್ದರು. ತೆಗೆದೆ.

ಹಿಂದಿನಿಂದ ರಾಯಲ್ಪಾಡಿನವರು ಇಣುಕಿ, "ಧೈರ್ಯವಾಗಿ ಕಟ್ಟಿಸಿ ಸ್ವಾಮಿ, ಇನ್ನೂ ಮೂವತ್ತು ವರ್ಷ ಭಾರ ಎಳೀತದೆ!" ಅಂದರು.

ಒಳಕೋಣೆಯಿಂದ ಬಳೆಗಳ ಸದ್ದಿನ ಜೊತೆ ಮದುಮಗಳ ನಗು ಬಂತು. ತಾಳಿ ಕಟ್ಟುವ ಮೊದಲು ನಾನು ಕೇಳಿದ ಅವಳ ದನಿ ಅದೊಂದೇ. ಮುಹೂರ್ತ ಮೀರದಂತೆ ಕಟ್ಟಿದೆ, ಭಗವಂತನ ದಯೆ.

ಇದನ್ನು ನೀವೂ ನಾಲ್ಕು ಜನಕ್ಕೆ ಹೇಳಿ. ಅದರಲ್ಲೂ ಹಸೆಮಣೆ ಏರಲಿರುವ ಹುಡುಗರಿಗೆ ತಪ್ಪದೆ ಹೇಳಿ. ಬಾಯಿ ತೆಗೆಯುವ ಮೊದಲು ಒಂದು ಕ್ಷಣ ಯೋಚಿಸಲಿ.