ನೋಯದ ಕಾಲಿನ ಎಕ್ಸ್‌ರೇ

ನನ್ನ ಚಿಕ್ಕಿಯ ಎಡ ಮೊಣಕಾಲಿನಲ್ಲಿರುವ ಕಾಯಿಲೆಗಳನ್ನು ನಮ್ಮ ತಾಲೂಕಿನ ಅಷ್ಟೂ ಜನರಿಗೆ ಹಂಚಿದರೂ ಇನ್ನೂ ನಾಲ್ಕು ಮಿಕ್ಕುತ್ತವೆ! ನಂಬದಿದ್ದರೆ ಬೇಡ. ಬೈಂದೂರಿನಲ್ಲಿ ಕೇಳಿದರೆ ಅದು ನರದ ತೊಂದರೆ. ಬೀಜಾಡಿಯಲ್ಲಿ ಕೇಳಿದರೆ ವಾಯು. ಕುಂದಾಪುರದಲ್ಲಿ ಕೇಳಿದರೆ ಮೂಳೆ ಸವೆತ. ಅಲ್ಲಿನ ಮೀನು ಮಾರುಕಟ್ಟೆಯಲ್ಲಿ ಕೇಳಿದಿರೋ, ಅದು ಯಾರದೋ ಕೆಟ್ಟ ದೃಷ್ಟಿ! ಇರುವುದು ಒಂದೇ ಒಂದು ಮೊಣಕಾಲ ಗಂಟು, ಅದೂ ಸಣ್ಣ ತೆಂಗಿನಕಾಯಿಯಷ್ಟು. ಅದರೊಳಗೆ ಇಷ್ಟೆಲ್ಲ ಹೇಗೆ ಹಿಡಿಸಿತು ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟು ಮೊಸರಾಗಿದೆ.

ಚಿಕ್ಕಿ ಎಂದರೆ ನನ್ನ ಅಮ್ಮನ ತಂಗಿ. ನಾವುಂದದವಳು. ಮದುವೆಯಾದಾಗಿನಿಂದ ಕುಂದಾಪುರದ ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತವಳು. ಕೂರುವುದೆಂದರೆ ನಾವು ನೀವು ಕೂರುವ ಹಾಗಲ್ಲ. ಮೆಟ್ಟುಕತ್ತಿಯ ಮಣೆಯನ್ನು ಎಡಗಾಲು ಮಡಚಿ ಒತ್ತಿ ಹಿಡಿದು, ಬಲ ಮೊಣಕಾಲನ್ನು ಎತ್ತಿ ನಿಲ್ಲಿಸಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಬಂಗುಡೆ ಕೊಯ್ಯುತ್ತ ಕೂರುವುದು. ಆ ಎಡಗಾಲು ಮಡಚದಿದ್ದರೆ ಮೆಟ್ಟುಕತ್ತಿ ನಿಲ್ಲುವುದಿಲ್ಲ, ಕೊಯ್ದು ಕೊಡದಿದ್ದರೆ ಈಗಿನ ಗಿರಾಕಿಗಳು ನಿಲ್ಲುವುದಿಲ್ಲ. ಇನ್ನು ಮಾರುಕಟ್ಟೆಯ ಜಾಗವೋ, ಕೂತವರದ್ದು. ಯಾರಾದರೂ ನಾಲ್ಕು ದಿನ ಬಾರದಿದ್ದರೆ ಪಕ್ಕದ ಬುಟ್ಟಿ ಒಂದು ಗೇಣು ಸರಿಯುತ್ತದೆ, ಮತ್ತೆ ನಾಲ್ಕು ದಿನಕ್ಕೆ ಇನ್ನೊಂದು ಗೇಣು. ಜಗಳವಿಲ್ಲ, ಮಾತಿಲ್ಲ, ಜಾಗ ಮಾಯ! ಹಾಗಾಗಿ ನಮಗೆ ಬೇಕಿದ್ದದ್ದು ಒಂದೇ ಒಂದು ಉತ್ತರ: ಚಿಕ್ಕಿ ಇನ್ನು ಮೀನು ಕೊಯ್ಯಲು ಕೂರಬಹುದೋ, ಕೂರಬಾರದೋ?

ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಸಿಗದಿರಲು ಡಾಕ್ಟರುಗಳು ಕಾರಣ ಎಂದು ನಾನು ಮೊದಮೊದಲು ತಿಳಿದಿದ್ದೆ. ಪಾಪ, ಅವರು ಏನು ಮಾಡಿಯಾರು! ಕಾರಣ ಚಿಕ್ಕಿಯ ಮೀನು ಕೊಳ್ಳುವ ವಿದ್ಯೆ. ಬೆಳಿಗ್ಗೆ ಹರಾಜಿನಲ್ಲಿ ತನಗೆ ಬೇಕಾದ ಬುಟ್ಟಿಯ ಕಡೆ ಅವಳು ಕಣ್ಣೆತ್ತಿಯೂ ನೋಡುವುದಿಲ್ಲ. ಬೇಡದ ಬುಟ್ಟಿಯ ಮುಂದೆ ನಿಂತು, ಕಿವಿರು ಎತ್ತಿ ನೋಡಿ, ಮೂಗು ಮುರಿದು, "ಇದ್ ಯಾವತ್ತಿಂದ್?" ಎಂದು ವಿಚಾರಿಸುತ್ತಾಳೆ. ನಿನ್ನೆಯದು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಮಾರುವವನು ನಿಜ ಹೇಳುತ್ತಾನೋ ಇಲ್ಲವೋ ಎಂಬುದಷ್ಟೇ ಪರೀಕ್ಷೆ. ಈ ಪರೀಕ್ಷೆಯಲ್ಲಿ ಪಾಸಾದವನ ಹತ್ತಿರ ಮಾತ್ರ ವ್ಯಾಪಾರ. ಮೀನಿಗೆ ಇದು ಸರಿಯೇ. ಆದರೆ ಡಾಕ್ಟರಿಗೆ?

ಮೊದಲು ಹೋದದ್ದು ಬೈಂದೂರಿಗೆ. ಡಾಕ್ಟರು ಒಳ್ಳೆಯವರು, ವಯಸ್ಸಾದವರು. "ನೋವು ಎಲ್ಲಿಂದ ಶುರುವಾಗ್ತದೆ?" ಎಂದು ಕೇಳಿದರು.

"ಸೊಂಟದಿಂದ," ಎಂದಳು ಚಿಕ್ಕಿ, ಮುಖದ ಒಂದು ಗೆರೆಯೂ ಅಲುಗದೆ.

ನಾನು ಬೆಚ್ಚಿಬಿದ್ದೆ. ಸೊಂಟನೋವಿನ ಸುದ್ದಿಯನ್ನೇ ನಾನು ಕೇಳಿರಲಿಲ್ಲ! ಡಾಕ್ಟರು ತಲೆದೂಗಿ, ಇದು ಸೊಂಟದಿಂದ ಇಳಿಯುವ ನರ, ಗಂಟಿನದೇನೂ ತಪ್ಪಿಲ್ಲ ಎಂದು ಮಾತ್ರೆ ಬರೆದುಕೊಟ್ಟರು. ಹೊರಗೆ ಬಂದವಳೇ ಕೇಳಿದೆ, "ಚಿಕ್ಕಿ, ಸೊಂಟನೋವ್ ಯಾವಾಗ ಶುರು ಆದ್ದ್?"

"ನಂಗೆಂತಕ್ ಸೊಂಟನೋವ್? ಅವ್ರಿಗ್ ಗೊತ್ತಾತ್ತಾ ಕಾಂಬ ಅಂದೇಳಿ ಹೇಳ್ದೆ. ಗೊತ್ತಾಯ್ಲಿಲ್ಲ ಕಾಣ್!" ಚಿಕ್ಕಿಯ ಮುಖದಲ್ಲಿ ಗೆದ್ದ ಕಳೆ. ಮಾತ್ರೆಯ ಪೊಟ್ಟಣ ಬಸ್ಸಿನ ಸೀಟಿನ ಮೇಲೆಯೇ ಉಳಿಯಿತು.

ಆಮೇಲೆ ಬೀಜಾಡಿಯಲ್ಲಿ ಎಣ್ಣೆ ತಿಕ್ಕುವವರೊಬ್ಬರು. ಅವರು ಕೇಳಿದ್ದು, "ಅಮಾಸಿಗೆ ನೋವ್ ಹೆಚ್ಚಾತ್ತಾ?" ಚಿಕ್ಕಿ ಒಂದು ಕ್ಷಣವೂ ಯೋಚಿಸದೆ, "ಅಮಾಸಿಗೂ ಆತ್ತ್, ಹುಣ್ಣಿಮಿಗೂ ಆತ್ತ್, ಏಕಾದಶಿಗ್ ಮಾತ್ರ ಅಡ್ಡಿಲ್ಲೆ," ಎಂದಳು. ಇಷ್ಟು ಭಕ್ತಿಯುಳ್ಳ ಮೊಣಕಾಲನ್ನು ಅವರೂ ನೋಡಿರಲಿಕ್ಕಿಲ್ಲ! ವಾಯು ಎಂದು ತೀರ್ಮಾನವಾಯಿತು. ಬಂಗುಡೆ ತಿನ್ನಬಾರದು ಎಂಬ ಪಥ್ಯ ಬೇರೆ.

"ಎಂತದ್! ನಾನೇ ಬಂಗ್ಡಿ ತಿನ್ದೆ ಇದ್ರೆ ಗಿರಾಕಿಗ್ ಎಂತ ಅಂದೇಳಿ ಮಾರುದ್?" ಎಂದು ಚಿಕ್ಕಿ ಪಥ್ಯವನ್ನು ಅಲ್ಲಿಯೇ ಬಿಟ್ಟು ಎಣ್ಣೆಯನ್ನು ಮಾತ್ರ ತಂದಳು. ಅದರ ವಾಸನೆ ಎಂಥದ್ದೆಂದರೆ ಮಾರುಕಟ್ಟೆಯಲ್ಲಿ ಮೀನಿನ ವಾಸನೆಯೇ ಬರುವುದು ನಿಂತಿತು. ಪಕ್ಕದ ಬುಟ್ಟಿಯ ಗುಲಾಬಿಯಕ್ಕ ಮೂಗಿಗೆ ಸೆರಗು ಹಿಡಿದು, "ಹ್ವಾಯ್, ನೀವ್ ಮೀನ್ ಮಾರುದಾ, ಕಷಾಯ ಮಾರುದಾ?" ಎಂದು ಕೇಳಿದಳಂತೆ.

ಮೂರನೆಯ ಪರೀಕ್ಷೆ ಕುಂದಾಪುರದಲ್ಲಿ. ಇವರು ಎಲುಬಿನ ಡಾಕ್ಟರು, ದೊಡ್ಡ ಹೆಸರು, ಹೊರಗೆ ನೂಕುನುಗ್ಗಲು. ನಾನೊಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಇದ್ದ ಒಂದು ರಜೆಯನ್ನು ಆ ಬೆಂಚಿನ ಮೇಲೆ ಕಳೆದು, ಒಳಗೆ ಹೋಗುವ ಮೊದಲು ಚಿಕ್ಕಿಯ ಕೈ ಹಿಡಿದು ಬೇಡಿಕೊಂಡೆ. "ಇಲ್ಲಿ ಮಾತ್ರ ಸೊಂಟ ಅನ್ಬೇಡ ಚಿಕ್ಕಿ."

"ಇಲ್ಲೆ ಹೆಣೆ, ನಾನ್ ಅಷ್ಟ್ ಮರುಳಾ?" ಎಂದಳು. ಮಾತಿಗೆ ತಪ್ಪಲಿಲ್ಲ. ಸೊಂಟ ಎನ್ನಲಿಲ್ಲ. "ಯಾವ ಕಾಲು?" ಎಂದು ಡಾಕ್ಟರು ಕೇಳಿದ ಕೂಡಲೇ ಬಲಗಾಲನ್ನು ಮುಂದೆ ಚಾಚಿದಳು!

ನಾನು ಬಾಯಿ ತೆರೆಯುವುದರೊಳಗೆ ಅವಳನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗಿಯಾಗಿತ್ತು. ಡಾಕ್ಟರು ನೋಯದ ಕಾಲಿನ ಚಿತ್ರವನ್ನು ಬೆಳಕಿಗೆ ಹಿಡಿದು, "ಅಮ್ಮ, ಗಂಟು ಸವೆದಿದೆ. ಇನ್ನು ನೆಲದ ಮೇಲೆ ಕೂರಲೇಬಾರದು. ಮೀನಿನ ಕೆಲಸ ಬಿಟ್ಟುಬಿಡಿ," ಎಂದರು. ಚಿಕ್ಕಿ ಕೈಮುಗಿದು ಎದ್ದು ಹೊರಗೆ ಬಂದು, ಶಾಸ್ತ್ರಿ ಸರ್ಕಲ್‌ವರೆಗೂ ನಕ್ಕಳು. "ನೋವಿಲ್ದಿದ್ ಕಾಲ್ ಸವ್ದಿತ್ ಅಂಬ್ರ್! ನೋವಿದ್ದದ್ ಕಂಡ್ರೆ ಕಾಲೇ ಇಲ್ಲೆ ಅಂತಿದ್ರೋ ಎಂತದೋ!"

ನನಗೆ ನಗು ಬರಲಿಲ್ಲ. ನೋಯದ ಕಾಲೇ ಸವೆದಿದ್ದರೆ ನೋಯುವ ಕಾಲಿನ ಗತಿ ಏನು? ಅಥವಾ ಸವೆತಕ್ಕೂ ನೋವಿಗೂ ಸಂಬಂಧವೇ ಇಲ್ಲವೋ? ಅಥವಾ ಡಾಕ್ಟರು ಬೇರೆ ಯಾರದೋ ಚಿತ್ರ ನೋಡಿದರೋ? ಯಾರನ್ನು ಕೇಳುವುದು? ಮತ್ತೆ ಅವರ ಬಳಿಗೇ ಹೋಗಿ "ಸಾರ್, ನಿಮಗೆ ಕಾಲು ಸುಳ್ಳು ತೋರಿಸಿದ್ದು" ಎಂದು ಹೇಳಲು ನನಗಂತೂ ಮುಖವಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಪೂರ್ತಿ ಗೊಂದಲ. ಮಾರುಕಟ್ಟೆಗೆ ಬಂದವರೆಲ್ಲ ಮೀನಿನ ಜೊತೆ ಒಂದೊಂದು ಸಲಹೆ ಕೊಡತೊಡಗಿದರು. ನಡೆಯಿರಿ ಎಂದರು ಒಬ್ಬರು, ಹೆಜ್ಜೆ ಎತ್ತಬೇಡಿ ಎಂದರು ಇನ್ನೊಬ್ಬರು. ಬಿಸಿನೀರಿನ ಶಾಖ ಎಂದರು ಒಬ್ಬ ಮೇಷ್ಟರು, ತಣ್ಣಗೆ ಐಸ್ ಇಡಿ ಎಂದರು ಮೇಷ್ಟರ ಹೆಂಡತಿ, ಅದೂ ಒಟ್ಟಿಗೇ ನಿಂತುಕೊಂಡು! ಚಿಕ್ಕಿ ಯಾರ ಮನಸ್ಸನ್ನೂ ನೋಯಿಸುವವಳಲ್ಲ. ಬೆಳಿಗ್ಗೆ ನಡೆದಳು, ಸಂಜೆ ಅಲುಗಲಿಲ್ಲ. ಗಂಟಿನ ಮುಂಭಾಗಕ್ಕೆ ಶಾಖ, ಹಿಂಭಾಗಕ್ಕೆ ಐಸ್. ಐಸ್ ಎಲ್ಲಿಂದ? ಮೀನಿನ ಪೆಟ್ಟಿಗೆಯಿಂದ! ಅದನ್ನು ಬಟ್ಟೆಯಲ್ಲಿ ಸುತ್ತಿ ಕಾಲಿಗೆ ಕಟ್ಟಿಕೊಂಡು ಅವಳು ನಾವುಂದದಲ್ಲಿ ಬಸ್ ಇಳಿದರೆ, ಊರಿನ ಬೆಕ್ಕುಗಳೆಲ್ಲ ಬಾಲ ಎತ್ತಿಕೊಂಡು ಅವಳ ಮೊಣಕಾಲಿನ ಹಿಂದೆ ಮೆರವಣಿಗೆ ಹೊರಡುತ್ತಿದ್ದವು. ರಾತ್ರಿಗೆ ಬಟ್ಟೆ ಬಿಚ್ಚಿಟ್ಟರೆ ಬೆಳಿಗ್ಗೆ ಅದು ಯಾವುದೋ ಬೆಕ್ಕಿನ ಬಾಯಲ್ಲಿ.

ಈ ನಡುವೆ ನನಗೇ ಮೊಣಕಾಲು ನೋಯಲು ಶುರುವಾಯಿತು, ಹೇಳಿದರೆ ನಗುತ್ತೀರಿ! ಯಾವ ಕಾಲು ಎಂದು ಕೇಳಬೇಡಿ, ಅದೂ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ನಗೆ ನಿಂತದ್ದು ಒಂದು ಮಧ್ಯಾಹ್ನ. ಅಂಗಡಿಯಿಂದ ಊಟಕ್ಕೆ ಹೊರಟವಳು ಮಾರುಕಟ್ಟೆಯ ಕಡೆ ಇಣುಕಿದೆ. ಎಲ್ಲರೂ ಬುಟ್ಟಿ ತೊಳೆದು ಹೋಗಿದ್ದರು. ಚಿಕ್ಕಿ ಒಬ್ಬಳೇ ಖಾಲಿ ಬುಟ್ಟಿಯ ಮುಂದೆ ಕೂತಿದ್ದಳು. "ಗಿರಾಕಿ ಬತ್ತೆ ಅಂದಿರ್, ಕಾಯ್ತಾ ಇದ್ದೆ," ಎಂದಳು. ಬುಟ್ಟಿಯಲ್ಲಿ ಒಂದು ಬಾಲವೂ ಇರಲಿಲ್ಲ. ಮಡಚಿದ ಕಾಲು ಬಿಡಿಸಲಾಗದೆ ಎಷ್ಟು ಹೊತ್ತಿನಿಂದ ಹಾಗೆ ಕೂತಿದ್ದಳೋ! ಕಂಕುಳಿಗೆ ಕೈಕೊಟ್ಟು ಎಬ್ಬಿಸಿದರೆ ಹಲ್ಲು ಕಚ್ಚಿಕೊಂಡಳೇ ಹೊರತು ಅಯ್ಯೋ ಎನ್ನಲಿಲ್ಲ. ನನಗೆ ಸಿಟ್ಟು, ದುಃಖ ಎರಡೂ ಒಟ್ಟಿಗೆ ಬಂದವು. ಮುಂದಿನ ರಜೆಗೆ ಕಾಯದೆ ಮರುದಿನವೇ ಬ್ರಹ್ಮಾವರಕ್ಕೆ ಹೊರಡಿಸಿದೆ.

ಬ್ರಹ್ಮಾವರದ ಡಾಕ್ಟರಮ್ಮ ಇನ್ನೂ ಚಿಕ್ಕ ಪ್ರಾಯದವರು. "ನೋವು ಬೆಳಿಗ್ಗೆ ಹೆಚ್ಚೋ, ಸಂಜೆ ಹೆಚ್ಚೋ?" ಎಂದರು.

"ಮಧ್ಯಾಹ್ನ," ಎಂದಳು ಚಿಕ್ಕಿ.

"ಯಾವ ಕಾಲು?"

"ನೀವೇ ಹೇಳಿ ಕಾಂಬ."

ಡಾಕ್ಟರಮ್ಮ ನಕ್ಕುಬಿಟ್ಟರು. ಪೆನ್ನು ಕೆಳಗಿಟ್ಟು, ಎದ್ದು ಬಂದು, ಎರಡೂ ಮೊಣಕಾಲುಗಳನ್ನು ಒಂದಾದ ಮೇಲೊಂದು ಮಡಚಿ ನೋಡಿದರು. ಬಲಗಾಲಿಗೆ ಚಿಕ್ಕಿ ಸುಮ್ಮನಿದ್ದಳು. ಎಡಗಾಲಿಗೆ ಕೈ ಹಾಕಿದ್ದೇ ತಡ, "ಅಯ್ಯಯ್ಯೋ, ಕಾಲ್ ಹೋಯ್ತ್!" ಎಂಬ ಕೂಗು ಹೊರಗಿನ ಬೆಂಚಿನವರೆಗೂ ಕೇಳಿತು. ಅಷ್ಟು ದಿನಗಳಲ್ಲಿ ಡಾಕ್ಟರ ಎದುರು ಅವಳು ಆಡಿದ ಮೊದಲ ನಿಜ!

ಈ ಸಲ ಎರಡೂ ಕಾಲಿನ ಎಕ್ಸ್‌ರೇ ಆಯಿತು. ಎರಡೂ ಸವೆದಿವೆ, ಎಡಗಾಲು ಹೆಚ್ಚು, ಬಲಗಾಲು ಕಡಿಮೆ. ಅಂದರೆ ಕುಂದಾಪುರದ ಡಾಕ್ಟರು ಹೇಳಿದ್ದರಲ್ಲಿ ತಪ್ಪೇ ಇರಲಿಲ್ಲ! ಆಪರೇಷನ್ ಸದ್ಯಕ್ಕೆ ಬೇಡ, ದಿನಾ ವ್ಯಾಯಾಮ ಮಾಡಿ, ನೆಲದ ಮೇಲೆ ಮಾತ್ರ ಕೂರಬೇಡಿ, ಎತ್ತರದ ಮೇಜು ಇಟ್ಟು ಚೂರಿಯಲ್ಲಿ ಮೀನು ಕೊಯ್ಯಬಹುದಲ್ಲ ಎಂದರು. ನನಗಾದ ಸಂತೋಷ ಏನು ಹೇಳಲಿ! ಕಡೆಗೂ ಇಬ್ಬರು ಡಾಕ್ಟರು ಒಂದೇ ಕಾಯಿಲೆಯ ಹೆಸರು ಹೇಳಿದ್ದರು. ಜಾಗವೂ ಉಳಿಯುವ ದಾರಿ ಸಿಕ್ಕಿತ್ತು.

ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ಮೇಜು ಎಲ್ಲಿ ಮಾಡಿಸುವುದು, ಎಷ್ಟು ಎತ್ತರ, ಗುಲಾಬಿಯಕ್ಕ ಏನು ಹೇಳಿಯಾಳು. ತಿರುಗಿ ನೋಡಿದರೆ ಚಿಕ್ಕಿಯ ಮುಖ ಬಿಳುಚಿಕೊಂಡಿತ್ತು.

"ಇಬ್ರೂ ಒಂದೇ ನಮೂನಿ ಹೇಳಿರ್ ಅಲ್ದನೆ?" ಎಂದಳು.

"ಹೌದ್ ಚಿಕ್ಕಿ. ದೇವರು ದೊಡ್ಡವನು!"

ಅವಳು ರಸ್ತೆಯ ಕಡೆ ನೋಡುತ್ತ ಹೇಳಿದಳು. "ನಿನ್ನಬ್ಬಿಗೂ ಹೀಂಗೇ ಆದ್ದ್. ಕುಂದಾಪ್ರದಗ್ ಹೇಳದ್ದನ್ನೇ ಉಡುಪಿಯಗೆ ಹೇಳಿರ್. ಉಡುಪಿಯಗ್ ಹೇಳದ್ದನ್ನೇ ಮಂಗ್ಳೂರಗೆ ಹೇಳಿರ್. ನಾನ್ ಎಲ್ಲಾ ಕಡಿಗೂ ಒಟ್ಟಿಗ್ ಹೋಯಿದಿದ್ದೆ. ಒಬ್ಬರಾರೂ ಬೇರೆ ಹೇಳ್ಲಿ ದೇವ್ರೇ ಅಂದೇಳಿ ಕೈ ಮುಗೀತಾ ಕೂಕಂಡಿದ್ದೆ. ಒಬ್ರೂ ಹೇಳ್ಲಿಲ್ಲ."

ಅಬ್ಬಿ ಎಂದರೆ ಅಮ್ಮ. ಹೊಟ್ಟೆನೋವೆಂದು ಡಾಕ್ಟರ ಬಳಿ ಹೋದವಳು ಅದೇ ವರ್ಷ ಹೋಗಿಬಿಟ್ಟಳು. ನಾನಾಗ ಹೈಸ್ಕೂಲಿನಲ್ಲಿದ್ದೆ. ಪರೀಕ್ಷೆ ಹಾಳಾಗಬಾರದೆಂದು ನನ್ನನ್ನು ಮನೆಯಲ್ಲಿ ಬಿಟ್ಟು, ಆ ಆಸ್ಪತ್ರೆಗಳನ್ನೆಲ್ಲ ಚಿಕ್ಕಿಯೇ ಸುತ್ತಿದ್ದಳು. ನಾನು ಡಾಕ್ಟರುಗಳ ಬಾಯಿಂದ ಒಂದೇ ಉತ್ತರ ಬರಲಿ ಎಂದು ಓಡಾಡುತ್ತಿದ್ದರೆ, ಅವಳು ಹೋದಲ್ಲೆಲ್ಲ ಸೊಂಟ ಎಂದು, ಅಮಾವಾಸ್ಯೆ ಎಂದು, ಬಲಗಾಲು ಚಾಚಿ, ಆ ಒಂದೇ ಉತ್ತರ ಬಾರದ ಹಾಗೆ ನೋಡಿಕೊಳ್ಳುತ್ತಿದ್ದಳು.

ಕುಂದಾಪುರದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಊರುಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗಿದ. ನಾವು ಏಳಲಿಲ್ಲ, ಬಸ್ಸು ಹೋಯಿತು.

"ಚಿಕ್ಕಿ, ಇದ್ ಬರೀ ಗಂಟ್ ಸವ್ದದ್ದ್. ಅಮ್ಮಂದ್ ಬೇರೆ, ಇದ್ ಬೇರೆ," ಎಂದೆ.

ಅವಳು ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ.

"ನಾಡ್ದ್ ಇನ್ನೊಬ್ರಿಗ್ ತೋರ್ಸುವ."

"ಅವ್ರೂ ಇದೇ ಹೇಳಿರೆ?"

"ಮತ್ತೊಬ್ರಿಗ್ ತೋರ್ಸುವ. ನಂಗೆಂತ, ರಜಿ ಇತ್ತ್."

ಚಿಕ್ಕಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ನನ್ನ ಹೆಗಲ ಮೇಲೆ ಕೈಯೂರಿ, ತನ್ನ ಪೂರ್ತಿ ಭಾರ ಹಾಕಿ ಎದ್ದು ನಿಂತಳು. "ನೋವ್ ಇತ್ತ್ ಮಗಾ," ಎಂದಳು. "ಎಡಗಾಲಗೆ. ತುಂಬಾ ಇತ್ತ್."